ಉಳಿದ ಬಣ್ಣ

ಆ ಮನೆಗೆ ಬೂದು ಬಣ್ಣ ಒಂದೇ ಸಲಕ್ಕೆ ಬಂದದ್ದಲ್ಲ, ಕಂತುಕಂತಾಗಿ ಬಂತು. ಮೊದಲು ಬಂದದ್ದು ಅಡುಗೆಮನೆಗೆ. ಒಲೆಯ ಹಿಂದಿನ ಗೋಡೆಗೆ ಹೊಗೆ ಹತ್ತಿ, ಎಣ್ಣೆ ಸಿಡಿದು, ಎಷ್ಟು ತಿಕ್ಕಿದರೂ ಹೋಗದ ಜಿಡ್ಡು ಕೂತಿತ್ತು. ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿಯುವವರ ಮನೆ ಗೋಡೆ ಹೀಗಿದ್ದರೆ ನೋಡಿದವರು ನಗುವುದಿಲ್ಲವೇ ಎಂದು ಅಮ್ಮ ಗಂಡನಿಗೆ ಅನ್ನ ಬಡಿಸುತ್ತ ಕೇಳಿದ್ದಳು. ಅಷ್ಟೇ ಕೇಳಿದ್ದು. ಅದೇ ವಾರ ಅಪ್ಪ ಅಡುಗೆ ಎಣ್ಣೆಯ ಹಳೇ ಕ್ಯಾನಿನಲ್ಲಿ ಬೂದು ಬಣ್ಣ ತಂದು ಆ ಗೋಡೆಗೆ ಎರಡು ಕೋಟು ಬಳಿದ. ಆಮೇಲೆ ನಡುಮನೆ. ಆಮೇಲೆ ಅಜ್ಜಿ ಮಲಗುವ ಕೋಣೆ, ಬಚ್ಚಲು, ಬಾಗಿಲು, ಕೊನೆಗೆ ನೀರು ತುಂಬಿಡುವ ಡ್ರಮ್ಮು. ಈ ಮನೆಯಲ್ಲಿ ಬಳಿಯದೆ ಬಿಟ್ಟಿರುವುದು ನನ್ನೊಬ್ಬಳನ್ನೇ, ನನ್ನ ಕೂದಲಿಗೆ ಆ ಬಣ್ಣ ತಾನಾಗಿಯೇ ಬಂದಿದೆ ಎಂದು ಅಜ್ಜಿ ಅಕ್ಕಪಕ್ಕದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಮಗನ ಕೆಲಸ ಏನೆಂದು ಕೇಳಿದವರಿಗೆ ಅಜ್ಜಿ, ನಗರಸಭೆಯಲ್ಲಿ ಪೇಂಟರು ಎನ್ನುತ್ತಿದ್ದಳು. ಪೂರ್ತಿ ಹೇಳಬೇಕೆಂದರೆ ಅವನು ಬೇರೆಯವರು ಬರೆದದ್ದನ್ನು ಮುಚ್ಚುವವನು. ಯಾರೋ ಬಂದು ಸೇತುವೆಯ ಕೆಳಗೋ, ಮಾರುಕಟ್ಟೆಯ ಕಾಂಪೌಂಡಿಗೋ, ಬಸ್ ನಿಲ್ದಾಣದ ಹಿಂದಿನ ಗೋಡೆಗೋ ಏನಾದರೂ ಬರೆದು ಹೋಗಿರುತ್ತಾರೆ. ಬೆಲೆ ಇಳಿಸಿ ಎಂದೋ, ಒಬ್ಬರನ್ನು ಜೈಲಿನಿಂದ ಬಿಡಿ ಎಂದೋ, ಇನ್ನೊಬ್ಬರನ್ನು ಕುರ್ಚಿಯಿಂದ ಇಳಿಸಿ ಎಂದೋ. ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ ಅದರ ಮೇಲೆ ಬೂದು ತೇಪೆ ಬಿದ್ದಿರಬೇಕು. ಅಪ್ಪ ಅದರಲ್ಲಿ ಗಟ್ಟಿಗ. ಅವನದೊಂದು ರೂಢಿಯೂ ಇತ್ತು: ಸಾಲಿನ ಕೊನೆಯ ಅಕ್ಷರದಿಂದ ಶುರು ಮಾಡಿ ಹಿಂದೆ ಹಿಂದೆ ಬಂದು ಮೊದಲಿನ ಅಕ್ಷರದ ಮೇಲೆ ಬ್ರಷ್ಷು ನಿಲ್ಲಿಸುವುದು. ಜೊತೆಯ ಕೆಲಸಗಾರರು ಅದಕ್ಕೇ ಅವನಿಗೆ ‘ರಿವರ್ಸು’ ಎಂದು ಹೆಸರಿಟ್ಟಿದ್ದರು. ಯಾಕೆ ಹಾಗೆ ಎಂದರೆ, ಕೈಗೆ ಹಾಗೇ ರೂಢಿಯಾಗಿದೆ ಎನ್ನುತ್ತಿದ್ದ.

ಆ ಕ್ಯಾನಿನ ಬಣ್ಣಕ್ಕೆ ಮನೆಯಲ್ಲಿ ಇದ್ದ ಹೆಸರು ‘ಉಳಿದದ್ದು’. ಅದು ಉಳಿದದ್ದಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ಗೋಡೌನಿನಿಂದ ಬೆಳಗ್ಗೆ ಸಿಗುವ ಡಬ್ಬದ ಮುಚ್ಚಳ ತೆಗೆದ ಕೂಡಲೇ ಮೊದಲ ಪಾಲು ಕ್ಯಾನಿಗೆ ಹೋಗುತ್ತಿತ್ತು, ಆ ಜಾಗವನ್ನು ನಲ್ಲಿಯ ನೀರು ತುಂಬುತ್ತಿತ್ತು. ಅಜ್ಜಿಗೂ ಗೊತ್ತಿತ್ತು, ಯಾಕೆಂದರೆ ಅಜ್ಜಿಗೆ ಗೊತ್ತಿಲ್ಲದ್ದು ಆ ಓಣಿಯಲ್ಲಿ ಇರಲಿಲ್ಲ. ಮಗಳಿಗೆ ಮಾತ್ರ ಗೊತ್ತಿರಲಿಲ್ಲ. ಮೊದಲ ಕ್ಯಾನು ಬಂದಾಗ ಅವಳು ಚಿಕ್ಕವಳು. ಪಾತ್ರೆಯಲ್ಲಿ ಅನ್ನ ಉಳಿಯುವ ಹಾಗೆ ಡಬ್ಬದಲ್ಲಿ ಬಣ್ಣವೂ ಉಳಿಯುತ್ತದೆ ಎಂದುಕೊಂಡು ದೊಡ್ಡವಳಾದಳು. ಯಾರೂ ತಿದ್ದಲಿಲ್ಲ, ತಿದ್ದುವ ಪ್ರಸಂಗವೂ ಬರಲಿಲ್ಲ.

ಮಗಳನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಅಷ್ಟು ಸಣಕಲಾಗಿದ್ದಳು. ಈಗ ಕಾಲೇಜಿನಲ್ಲಿ ಚಿತ್ರ, ಫೋಟೋ, ಪತ್ರಿಕೆ ಕೆಲಸ ಎಲ್ಲ ಕಲಿಯುತ್ತಿದ್ದಳು. ಒಂದು ಸಂಜೆ ಊಟಕ್ಕೆ ಕೂತಾಗ ಅವಳು, ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಇಟ್ಟಿದ್ದಾರೆ, ಚಿತ್ರ ಬರೆಯಬಹುದು, ಫೋಟೋ ತೆಗೆಯಬಹುದು, ಸಿನಿಮಾನೂ ಮಾಡಬಹುದು, ವಿಷಯ ‘ಅಭಿವ್ಯಕ್ತಿ ಸ್ವಾತಂತ್ರ್ಯ’ ಎಂದಳು.

“ಹಾಗಂದ್ರೆ ಏನೇ?” ಎಂದಳು ಅಜ್ಜಿ.

“ಅನಿಸಿದ್ದನ್ನ ಹೆದರದೆ ಹೇಳೋದು ಅಜ್ಜಿ.”

“ಅದಕ್ಕೂ ಬಹುಮಾನ ಕೊಡ್ತಾರಾ? ಇಷ್ಟು ವರ್ಷ ಪುಕ್ಕಟೆ ಹೇಳಿ ಹಾಳುಮಾಡ್ಕೊಂಡೆನಲ್ಲ.”

ಅಪ್ಪ ನಕ್ಕ. ಅಮ್ಮ ಬಹುಮಾನ ಏನೆಂದು ಕೇಳಿದಳು. ಒಳ್ಳೆಯ ಕ್ಯಾಮೆರಾ ಒಂದು, ಮುಂದಿನ ಓದಿಗೆ ನೆರವು ಎಂದು ಕಡ್ಡಿ ಹೇಳಿದಳು. ಅವಳ ಫೋನಿನ ಗಾಜು ಒಡೆದು ಜೇಡರಬಲೆಯಾಗಿತ್ತು, ಅದರಲ್ಲೇ ಅವಳು ಲೋಕವನ್ನೆಲ್ಲ ಹಿಡಿಯುತ್ತಿದ್ದಳು. ಅಮ್ಮನಿಗೆ ಕ್ಯಾಮೆರಾ ಬಂದರೆ ಒಳ್ಳೆಯದೇ ಅನ್ನಿಸಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಬಿಸಿ ಬೆಡ್‌ಶೀಟು ಮಡಚುವ ಅವಳಿಗೆ ಮಗಳು ಕೂತು ಮಾಡುವ ಕೆಲಸ ಹಿಡಿಯಬೇಕೆಂಬುದೊಂದೇ ಆಸೆ.

“ನಾನು ನಿನ್ನ ತೇಪೆಗಳ ಫೋಟೋ ತೆಗೀತೀನಿ ಅಪ್ಪಾ,” ಎಂದಳು ಕಡ್ಡಿ.

ಅಪ್ಪನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. ಅವನ ಕೆಲಸವನ್ನು ನೋಡುವುದಕ್ಕೆಂದು ಇದುವರೆಗೆ ಯಾರೂ ಬಂದದ್ದಿಲ್ಲ. ಅದರ ಗುಣವೇ ಅಂಥದು, ಚೆನ್ನಾಗಿ ಮಾಡಿದಷ್ಟೂ ಕಾಣಬಾರದು. ಮುಖ ಮಾತ್ರ ಬೇಡ, ಕೈ ಎಷ್ಟು ಬೇಕಾದರೂ ತೆಗೆ ಎಂದ. ಮಾರನೆಯ ಬೆಳಗ್ಗೆ ಎಂದೂ ಇಲ್ಲದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಣ್ಣ ಬಳಿಯಲು ಹೊರಟದ್ದನ್ನು ನೋಡಿ ಅತ್ತೆಸೊಸೆ ಮುಖಮುಖ ನೋಡಿಕೊಂಡು ನಕ್ಕರು.

ಕೆಲವು ವಾರ ಅಪ್ಪ ಮಗಳು ಜೊತೆಯಾಗಿ ಹೊರಟು ಜೊತೆಯಾಗಿ ಬರುತ್ತಿದ್ದರು. ಮನೆಯಲ್ಲಿ ಮಾತೇ ಮಾತು. ಯಾವ ಗೋಡೆಗೆ ಬೆಳಕು ಹೇಗೆ ಬೀಳುತ್ತೆ, ಯಾವ ತೇಪೆ ಭೂಪಟದ ಹಾಗಿದೆ, ಯಾವುದು ಕೂತ ನಾಯಿಯ ಹಾಗಿದೆ. ಒಂದು ದಿನ ಮಳೆ ಬಂತು. ಸೇತುವೆಯ ಕೆಳಗಿನ ಗೋಡೆ ನೆನೆದು, ಬೂದು ಬಣ್ಣದಡಿಯಿಂದ ಹಳೆಯ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಕಡ್ಡಿ ಒದ್ದೆಯಾಗಿಯೇ ಮನೆಗೆ ಓಡಿಬಂದಳು. ತಲೆ ಒರೆಸಿಕೊಳ್ಳುವ ವ್ಯವಧಾನವೂ ಇಲ್ಲ, ಫೋನು ಹಿಡಿದು ಅಮ್ಮನಿಗೂ ಅಜ್ಜಿಗೂ ತೋರಿಸಿದ್ದೇ ತೋರಿಸಿದ್ದು. ಅಪ್ಪ ಹಿಂದಿನಿಂದ ಬಂದು, ಚಪ್ಪಲಿ ಬಿಟ್ಟು, ಸುಮ್ಮನೆ ಟೀ ಕೇಳಿದ.

ಮಗಳು ಕೋಣೆಗೆ ಹೋದ ಮೇಲೆ ಹೆಂಡತಿಯ ಹತ್ತಿರ ಬಂದು ಕೂತ.

“ಬೇಕಂತಲೇ ತೆಳ್ಳಗೆ ಬಳೀತೀಯಾ ಅಪ್ಪಾ ಅಂತ ಕೇಳಿದ್ಲು.”

“ಏನಂದ್ರಿ?”

“ಹೌದು ಅನ್ನಲಿಲ್ಲ.” ಸ್ವಲ್ಪ ಹೊತ್ತು ಟೀ ಊದಿದ. “ಇಲ್ಲ ಅಂತಾನೂ ಅನ್ನಲಿಲ್ಲ. ಅವಳು ನನ್ನ ಹಾಗೆ ನೋಡಿದ್ದು ಇದೇ ಮೊದಲು ಕಣೇ.”

ಅಮ್ಮ ಆಗ ಹೇಳಬಹುದಿತ್ತು. ನಾಳೆ ಹೋಗಿ ನಿಜ ಹೇಳಿಬಿಡಿ, ಇಲ್ಲವೇ ನಾನೇ ಹೇಳುತ್ತೇನೆ ಎನ್ನಬಹುದಿತ್ತು. ಗಂಡನ ಮುಖ ನೋಡಿದಳು. ಇರಲಿ ಬಿಡಿ, ಕಾಲೇಜಿನ ಮಕ್ಕಳ ಆಟ ತಾನೇ ಎಂದಳು.

ಇನ್ನೊಂದು ದಿನ ಕಡ್ಡಿ ಅಡುಗೆಮನೆಯಲ್ಲೇ ಫೋಟೋ ತೆಗೆದಳು. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತ, ಬಾಯಿ ಅಗಲಿಸಿ ಯಾರದೋ ಸಂಸಾರದ ಸುದ್ದಿ ಹೇಳುತ್ತಿರುವುದು. ಅದೇ ನನ್ನ ಕೊನೆಯ ಚಿತ್ರ ಎಂದು ಅಮ್ಮನಿಗೆ ತೋರಿಸಿದಳು. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು, ಕಣ್ಣಲ್ಲಿ ನೀರು. ಒಡೆದ ಗಾಜಿನೊಳಗೆ ಇಣುಕಿ, ಚೆನ್ನಾಗಿದೆ, ಆದರೆ ಅಜ್ಜಿ ತಲೆ ಬಾಚಿಕೊಂಡಿಲ್ಲ, ಜನ ನನ್ನನ್ನು ಬೈಯುತ್ತಾರೆ ಎಂದಳು. ಅಪ್ಪನಿಗೆ ತೋರಿಸಿದಾಗ ಅವನು, ನಮ್ಮಮ್ಮನ ಬಾಯಿ ಮುಚ್ಚಿರೋ ಫೋಟೋ ಸಿಕ್ಕಿದ್ದರೆ ಅದಕ್ಕೇ ಬಹುಮಾನ ಬರುತ್ತಿತ್ತು ಎಂದ. ಅಜ್ಜಿಯೂ ಸೇರಿ ಮೂರು ಜನ ದೊಡ್ಡವರು ನೋಡಿದರು, ಮೂವರೂ ಅಜ್ಜಿಯನ್ನೇ ನೋಡಿದರು. ಅವಳ ಹಿಂದೆ ಇದ್ದ ಗೋಡೆ ಯಾರ ಕಣ್ಣಿಗೂ ಬೀಳಲಿಲ್ಲ. ದಿನಾ ಕಾಣುವ ಗೋಡೆಯನ್ನು ಯಾರು ನೋಡುತ್ತಾರೆ?

ಕಡ್ಡಿಗೆ ಮೊದಲ ಬಹುಮಾನ ಬಂತು. ಓಣಿಯಲ್ಲಿ ಅಜ್ಜಿ ಸುದ್ದಿ ಹಂಚಿದಳು, ಹೋಗದ ಮನೆಗೂ ಹೋಗಿ ಹಂಚಿದಳು. ಗೆದ್ದ ಚಿತ್ರಗಳನ್ನು ದೊಡ್ಡದು ಮಾಡಿ ಸಭಾಂಗಣದ ಬಿಳಿ ಗೋಡೆಗೆ ತೂಗುಹಾಕಿದ್ದರು. ನಾಲ್ವರೂ ಹೋದರು. ಕಡ್ಡಿಯ ಚಿತ್ರಕಲೆಯ ಮೇಡಂ ಬಾಗಿಲಲ್ಲೇ ಸಿಕ್ಕಿ ಅಪ್ಪನ ಕೈ ಹಿಡಿದು ಕುಲುಕಿ, ನಿಮ್ಮಂಥವರನ್ನು ನೋಡುವುದೇ ಭಾಗ್ಯ ಎಂದಳು. ವಯಸ್ಸು ಚಿಕ್ಕದು, ಮಾತು ಬೆಣ್ಣೆಯ ಹಾಗೆ, ಸುಳ್ಳಿಲ್ಲದ ಕಣ್ಣು. ಅಪ್ಪ ಕೈಯ ಬಣ್ಣದ ಕಲೆ ಮರೆಸಲು ಜೇಬಿಗೆ ಕೈ ಹಾಕಿಕೊಂಡ.

ಅಮ್ಮ ಸಾಲಾಗಿ ನೋಡುತ್ತ ಬಂದಳು. ಕೊನೆಯಲ್ಲಿ ಅಕ್ಕಪಕ್ಕ ತೂಗುಹಾಕಿದ್ದ ಎರಡು ಚಿತ್ರಗಳ ಮುಂದೆ ನಿಂತಳು. ಎಡಕ್ಕೆ ಸೇತುವೆಯ ಗೋಡೆ, ಮಳೆಗೆ ನೆನೆದು ಅಕ್ಷರ ತೋರಿಸುತ್ತಿರುವುದು. ಬಲಕ್ಕೆ ಅಜ್ಜಿ, ಹಿಂದೆ ಅಡುಗೆಮನೆಯ ಗೋಡೆ. ಎರಡೂ ಒಂದೇ ಬೂದು. ಅಲ್ಲಿ ನೀರು ನೀರಾಗಿ, ಇಲ್ಲಿ ಕೆನೆಗಟ್ಟಿ. ಮಗಳು ಕೆಳಗೆ ಬರೆದದ್ದನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು: ‘ಅಪ್ಪ ಎರಡನೇ ಕೋಟು ಬಳಿಯುವುದಿಲ್ಲ, ಮಳೆ ಬಂದರೆ ಮಾತು ಮತ್ತೆ ಕಾಣುತ್ತದೆ. ಹೊರಗೆ ಉಳಿದ ಬಣ್ಣವನ್ನು ಅಪ್ಪ ಮನೆಗೆ ತರುತ್ತಾನೆ. ಅಜ್ಜಿ ಅದರ ಮುಂದೆಯೇ ಕೂತು ಇಡೀ ದಿನ ಮಾತಾಡುತ್ತಾಳೆ.’

“ಅಯ್ಯೋ, ನಮ್ಮ ಅಡುಗೆಮನೆ ಎಷ್ಟು ದೊಡ್ಡದಾಗಿ ಕಾಣುತ್ತೆ,” ಎಂದಳು ಅಜ್ಜಿ. ಸುತ್ತ ನಿಂತವರು ನಕ್ಕರು. ಅಪ್ಪ ನಗಲಿಲ್ಲ. ಅವನೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಅಮ್ಮನ ಕಣ್ಣಿಗೆ ಕಣ್ಣು ಸಿಕ್ಕಿತು.

ಆ ಎರಡು ಚಿತ್ರ ಅಕ್ಕಪಕ್ಕ ಪತ್ರಿಕೆಯಲ್ಲಿ ಬಂದವು. ಅದಾದ ಮೂರನೇ ಸಂಜೆ ಮೇಸ್ತ್ರಿ ಮನೆಗೆ ಬಂದ. ಮೇಸ್ತ್ರಿ ಎಂದರೆ ಗೋಡೆ ಕೆಲಸದವರ ಮೇಲಿನವನು. ಹಿಂದೆ ಅಪ್ಪನ ಜೊತೆಗೇ ಬ್ರಷ್ಷು ಹಿಡಿದವನು, ಮನುಷ್ಯ ಕೆಟ್ಟವನಲ್ಲ. ಕಡ್ಡಿಗೆ ಒಂದು ಪೆನ್ನು ಉಡುಗೊರೆ ಕೊಟ್ಟ, ಅಜ್ಜಿಯ ಮೊಣಕಾಲು ನೋವು ವಿಚಾರಿಸಿದ. ಟೀ ಲೋಟ ಹಿಡಿದು ನಿಧಾನವಾಗಿ ಅಡುಗೆಮನೆಗೆ ಬಂದ, ಒಲೆಯ ಹಿಂದಿನ ಗೋಡೆಗೆ ಅಂಗೈ ಇಟ್ಟು ಸವರಿದ. ಬೆರಳಿಂದ ತಟ್ಟಿ ನೋಡಿದ.

“ಎರಡು ಕೋಟಾ?”

ಅಪ್ಪ ಒಲೆಯ ಮೇಲಿದ್ದ ಟೀ ಪಾತ್ರೆಯನ್ನು ಕೆಳಗಿಳಿಸಿದ.

“ಮನೆಗೆ ಎರಡು, ಊರಿಗೆ ಅರ್ಧ. ಒಳ್ಳೇ ಲೆಕ್ಕ ಕಣಯ್ಯ ನಿಂದು, ರಿವರ್ಸು.”

ಹೇಳಿದ್ದು ನಗುತ್ತಲೇ. ಆಮೇಲೆ ನಗು ಬಿಟ್ಟು ಬಾಗಿಲು ಓರೆ ಮಾಡಿ ಕೂತ. ಮೇಲಿನ ಕಚೇರಿಯಲ್ಲಿ ಪತ್ರಿಕೆ ಕೈಯಿಂದ ಕೈಗೆ ಓಡಾಡಿದೆಯಂತೆ. ಅಲ್ಲಿ ಎರಡು ಮಾತು ಎದ್ದಿವೆಯಂತೆ. ಒಂದು, ಈ ಮನುಷ್ಯ ಬರೆದದ್ದು ಕಾಣಲಿ ಎಂದೇ ತೆಳ್ಳಗೆ ಬಳಿದಿದ್ದಾನೆ. ಹಾಗಾದರೆ ಬರೆದವರಿಗೂ ಇವನಿಗೂ ನಂಟಿದೆ. ಇನ್ನೊಂದು, ಇವನು ಬಣ್ಣ ಕದ್ದು ನೀರು ಸುರಿದಿದ್ದಾನೆ. ಸೋಮವಾರ ಕರೆಸಿ ಕೇಳುತ್ತಾರೆ. ಇವನ ಬಾಯಿಂದ ಯಾವುದು ಬರುತ್ತದೋ ಅದೇ ನಿಲ್ಲುತ್ತದೆ.

“ಕಳ್ಳ ಅಂತ ಒಪ್ಕೊಂಡ್ರೆ ಕಾಲು ಹಿಡಿದಾದ್ರೂ ಕೆಲಸ ಉಳಿಸ್ತೀನಿ,” ಎಂದ ಮೇಸ್ತ್ರಿ. “ಇನ್ನೊಂದು ಅಂದ್ರೆ ಕೇಳೋರು ಬೇರೆ ಜನ. ಅವರ ಮುಂದೆ ನಾನೂ ಇಲ್ಲ, ನೀನೂ ಇಲ್ಲ.”

ಅವನು ಹೋದ ಮೇಲೆ ಕಡ್ಡಿ ಕೋಣೆಯಿಂದ ಹೊರಗೆ ಬಂದಳು. ಅರ್ಧಂಬರ್ಧ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಹೆದರಿಕೆಯ ಜೊತೆಗೆ ಒಂದು ಬಗೆಯ ಹೊಳಪೂ ಇತ್ತು. ಅಮ್ಮ ಆ ಹೊಳಪು ನೋಡಲಾರದೆ ಟೀ ಲೋಟ ತೊಳೆಯಲು ಎತ್ತಿಕೊಂಡಳು.

ಶನಿವಾರ ಮೇಡಂ ಬಂದಳು, ಕಡ್ಡಿಯೇ ಕರೆಸಿದ್ದಳು. ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಹೆದರಬೇಡಿ, ಕಾಲೇಜು ನಿಮ್ಮ ಜೊತೆ ನಿಲ್ಲುತ್ತೆ, ಪತ್ರಿಕೆಯವರು ನಿಲ್ಲುತ್ತಾರೆ, ನೀವು ಮನಸ್ಸಾಕ್ಷಿಯಿಂದ ಮಾಡಿದ್ದನ್ನು ಧೈರ್ಯವಾಗಿ ಹೇಳಿ ಎಂದಳು. ಅಪ್ಪ ತಲೆ ತಗ್ಗಿಸಿ ಉಗುರಿನ ಸಂದಿಯ ಬಣ್ಣ ಕೆರೆಯುತ್ತಿದ್ದ.

“ನಿಂತ್ಕೋತೀರಿ ಸರಿ ತಾಯಿ,” ಎಂದಳು ಅಜ್ಜಿ. “ಎಷ್ಟು ಹೊತ್ತು ನಿಂತ್ಕೋತೀರಿ? ನಿಮಗೂ ಮನೆ ಇದೆ, ಹೊತ್ತಾಗುತ್ತೆ, ಹೋಗ್ಬೇಕು. ಇವನು ಇಲ್ಲೇ ಇರ್ಬೇಕಲ್ಲ.”

ಕಡ್ಡಿಗೆ ಸಿಟ್ಟು ಬಂತು. ಮೇಡಂ ಹೋದ ಮೇಲೆ, ಸಹಾಯಕ್ಕೆ ಬಂದವರಿಗೆ ಹೀಗೆ ಮಾತಾಡುತ್ತಾರಾ ಎಂದು ಅಜ್ಜಿಯ ಮೇಲೆ ಹರಿಹಾಯ್ದಳು. ನಿನ್ನ ಫೋಟೋದಿಂದಲೇ ಮನೆಗೆ ಬೆಂಕಿ ಬಿದ್ದದ್ದು, ಈಗ ನನಗೆ ಬುದ್ಧಿ ಹೇಳುತ್ತೀಯಾ ಎಂದು ಅಜ್ಜಿಯೂ ಬಿಡಲಿಲ್ಲ. ಅಪ್ಪ ಇಬ್ಬರಿಗೂ ಸಾಕು ಎಂದ. ಅಮ್ಮ ಒಲೆಯ ಮೇಲೆ ಬೇಳೆ ತಳ ಹತ್ತುತ್ತಿರುವುದನ್ನೂ ಮರೆತು ನಿಂತಿದ್ದಳು. ಆ ದಿನ ಊಟಕ್ಕೆ ಬಡಿಸಿದ ಬೇಳೆ ಕಹಿಯಾಗಿತ್ತು.

ತಟ್ಟೆಯ ಮುಂದೆ ಕಡ್ಡಿ ಮತ್ತೆ ಶುರು ಮಾಡಿದಳು, ಈ ಸಲ ಮೆಲ್ಲಗೆ.

“ಅಪ್ಪಾ, ಬೇಕಂತಲೇ ತೆಳ್ಳಗೆ ಬಳಿದೆ ಅಂತ ಹೇಳು. ಕಳ್ಳ ಅನ್ನಿಸ್ಕೋಬೇಡ.”

“ಹೇಳಿದ್ರೆ ಕೇಳ್ತಾರೆ. ಯಾವ ಗೋಡೇಲಿ ಏನು ಬರೆದಿತ್ತು ಅಂತ.”

“ಹೇಳು. ಇಷ್ಟು ವರ್ಷ ನೋಡಿದೀಯ, ನಿನಗೆ ಗೊತ್ತಿಲ್ದೆ ಯಾರಿಗೆ ಗೊತ್ತು?”

ಅಪ್ಪ ಅನ್ನವನ್ನು ತಟ್ಟೆಯ ಅಂಚಿಗೆ ಒತ್ತರಿಸಿದ.

“ಒಂದನ್ನೂ ಓದಿಲ್ಲ ಕಣಮ್ಮ.”

ಕಡ್ಡಿ ಅವನನ್ನೇ ನೋಡಿದಳು.

“ಕೊನೇ ಅಕ್ಷರದಿಂದ ಶುರು ಮಾಡೋದು ಅದಕ್ಕೇ. ಮೊದಲಿಂದ ಹೋದ್ರೆ ಕಣ್ಣು ತಾನಾಗೇ ಓದಿಬಿಡುತ್ತೆ. ಓದಿದ್ರೆ ಕೈ ನಿಲ್ಲುತ್ತೆ. ಕೈ ನಿಂತ್ರೆ ಈ ತಟ್ಟೆ ಎಲ್ಲಿಂದ ಬರುತ್ತೆ?”

“ಹಾಗಾದ್ರೆ ತೆಳ್ಳಗೆ ಬಳಿದಿದ್ದು?”

ಅದಕ್ಕೆ ಉತ್ತರವನ್ನು ಅಪ್ಪನ ಬಾಯಿಂದಲೇ ಹೊರಡಿಸಬಾರದು ಎನ್ನಿಸಿತು ಅಮ್ಮನಿಗೆ. ಎದ್ದು ಒಲೆಯ ಹಿಂದಿನ ಗೋಡೆಗೆ ಕೈಯಿಟ್ಟಳು.

“ಅದು ನೀರು. ಬಣ್ಣ ಇಲ್ಲಿದೆ. ಮೊದಲನೇ ಕ್ಯಾನು ಕೇಳಿದ್ದು ನಾನು.”

ಕಡ್ಡಿ ಅಳಲಿಲ್ಲ. ಕೋಣೆಯ ನಾಲ್ಕು ಗೋಡೆಯನ್ನೂ, ಬಾಗಿಲನ್ನೂ, ಡ್ರಮ್ಮನ್ನೂ ಒಂದೊಂದಾಗಿ ನೋಡಿದಳು, ಹೊಸ ಮನೆಗೆ ಬಾಡಿಗೆಗೆ ಬಂದವರು ನೋಡುವ ಹಾಗೆ. ಫೋಟೋ ತೋರಿಸಿದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅಮ್ಮ, ನಾನು ಅಜ್ಜಿಯ ತಲೆ ನೋಡುತ್ತಿದ್ದೆ ಎಂದಳು. ಅದು ನಿಜವೇ ಆಗಿತ್ತು, ಆದರೆ ಹೇಳುವಾಗ ಅವಳಿಗೇ ಸುಳ್ಳಿನ ಹಾಗೆ ಕೇಳಿಸಿತು.

“ಅಂದ್ರೆ ನಾನು ಬರೆದಿದ್ದೆಲ್ಲ ಸುಳ್ಳು.”

“ನೀನು ಸುಳ್ಳು ಬರೀಲಿಲ್ಲ,” ಎಂದ ಅಪ್ಪ. “ನಿನಗೆ ಹೇಳಿದ್ದು ಸುಳ್ಳು.”

ಸೋಮವಾರ ಅಪ್ಪ ಮತ್ತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಮಧ್ಯಾಹ್ನಕ್ಕೆ ಬಂದ. ಏನಾಯಿತೆಂದು ಯಾರೂ ಕೇಳುವ ಮೊದಲೇ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಒಪ್ಪಿಕೊಂಡೆ ಎಂದ. ಕದ್ದೆ, ನೀರು ಬೆರೆಸಿದೆ, ಗೋಡೆಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಎಂದು ಹೇಳಿದನಂತೆ. ಅಧಿಕಾರಿಗೆ ನಂಬಿಕೆಯಾಯಿತಂತೆ. ಅಷ್ಟು ಬೇಗ ನಂಬಿದ್ದೇ ಅವನಿಗೆ ಸ್ವಲ್ಪ ನೋವಾದ ಹಾಗಿತ್ತು. ಮೇಸ್ತ್ರಿ ಮಾತು ಉಳಿಸಿಕೊಂಡಿದ್ದ, ಕೆಲಸ ಪೂರ್ತಿ ಹೋಗಲಿಲ್ಲ. ಗೋಡೆಯಿಂದ ಚರಂಡಿಗೆ ಇಳಿಸಿದರು. ಅದರ ಮೇಲೆ, ಊರಿನಲ್ಲಿ ಅವನು ಹಾಕಿದ ತೆಳು ತೇಪೆಗಳಿಗೆಲ್ಲ ಇನ್ನೆರಡು ಕೋಟು ಬಳಿಯಬೇಕು, ಬಣ್ಣ ಸ್ವಂತದ್ದು, ಚರಂಡಿಯ ಪಾಳಿಗೆ ಮುಂಚೆ ಬೆಳಗಿನ ಹೊತ್ತಿನಲ್ಲಿ.

ಕಡ್ಡಿ ಕಾಲೇಜಿಗೆ ಹೋಗಿ ಮೇಡಂಗೆ, ನಾನು ಬರೆದದ್ದು ನಿಜವಲ್ಲ, ಚಿತ್ರಗಳನ್ನು ಇಳಿಸಿಬಿಡಿ ಎಂದಳಂತೆ. ಮೇಡಂ, ಚಿತ್ರ ಚಿತ್ರವೇ, ಕೆಳಗಿನ ಎರಡು ಸಾಲು ಬದಲಿಸಿದರೆ ಸಾಕು, ನಿಜವನ್ನೇ ಬರೆ, ಅದು ಇನ್ನೂ ದೊಡ್ಡ ಧೈರ್ಯ ಎಂದಳಂತೆ. ನಿಜ ಬರೆಯುವುದೆಂದರೆ ಸಭಾಂಗಣದ ಬಿಳಿ ಗೋಡೆಯ ಮೇಲೆ, ನಮ್ಮಪ್ಪ ಕಳ್ಳ ಎಂದು ಬರೆಯುವುದು. ಕಡ್ಡಿ ತಾನೇ ಕುರ್ಚಿ ಹತ್ತಿ ಚಿತ್ರಗಳನ್ನು ಇಳಿಸಿದಳು. ಕ್ಯಾಮೆರಾವನ್ನು ಪೆಟ್ಟಿಗೆ ಸಮೇತ ವಾಪಸು ಕೊಟ್ಟು ಬಂದಳು. ಇದನ್ನೆಲ್ಲ ಅವಳು ಅಮ್ಮನಿಗೆ ಹೇಳಿದ್ದು ಪಾತ್ರೆ ತೊಳೆಯುತ್ತ, ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ.

“ಕ್ಯಾಮೆರಾ ಆದ್ರೂ ಇಟ್ಕೊಂಡಿದ್ರೆ ಮಾರಿ ಎರಡು ಡಬ್ಬ ಬಣ್ಣ ತರಬಹುದಿತ್ತು,” ಎಂದಳು ಅಜ್ಜಿ. ಯಾರೂ ನಗಲಿಲ್ಲ. ತನ್ನ ಮಾತಿಗೆ ಯಾರೂ ನಗದಿರುವುದು ಅಜ್ಜಿಗೆ ರೂಢಿಯಿರಲಿಲ್ಲ, ಬಾಯಿ ಮುಚ್ಚಿಕೊಂಡಳು.

ಆಮೇಲಿನ ವಾರಗಳಲ್ಲಿ ಆ ಮನೆಯಿಂದ ಮಾತು ಮೆಲ್ಲಗೆ ಇಳಿದುಹೋಯಿತು. ಯಾರೂ ಯಾರ ಮೇಲೂ ಮುನಿಸು ಕಟ್ಟಿಕೊಂಡಿರಲಿಲ್ಲ. ಅಪ್ಪ ಚರಂಡಿಯಿಂದ ಬಂದು ಬಚ್ಚಲಲ್ಲಿ ಬಹಳ ಹೊತ್ತು ತಿಕ್ಕಿಕೊಳ್ಳುತ್ತಿದ್ದ, ಉಂಡು ಮಲಗುತ್ತಿದ್ದ. ಅಮ್ಮ ಗಂಡನಿಗೆ ಏನಾದರೂ ಹೇಳಬೇಕೆಂದಿದ್ದರೆ ಮೊದಲು ಕಡ್ಡಿ ಎಲ್ಲಿದ್ದಾಳೆ, ಅವಳ ಕೈಯಲ್ಲಿ ಏನಿದೆ ಎಂದು ನೋಡುತ್ತಿದ್ದಳು. ನೋಡುತ್ತಿದ್ದೇನೆ ಎಂದು ಅವಳಿಗೇ ಗೊತ್ತಾದದ್ದು ಒಂದು ದಿನ ಮಗಳು ಅದನ್ನು ಗಮನಿಸಿದಾಗ. ನಾಚಿಕೆಯಾಯಿತು. ಆದರೂ ಕಣ್ಣು ಹಾಗೆ ಹೋಗುವುದು ನಿಲ್ಲಲಿಲ್ಲ.

ಒಂದು ಸಂಜೆ ಅಜ್ಜಿ ಅದೇ ಗೋಡೆಗೆ ಒರಗಿ ಬಟಾಣಿ ಸುಲಿಯುತ್ತಿದ್ದಳು. ಕೆಳಗಿನ ಮನೆಯ ಸೊಸೆ ತವರಿಗೆ ಹೋದವಳು ಬಂದೇ ಇಲ್ಲ ಎಂದು ಶುರು ಮಾಡಿದವಳು ಅರ್ಧಕ್ಕೆ ನಿಲ್ಲಿಸಿ, “ಅದು ಎಲ್ಲಿದೆ?” ಎಂದಳು.

ಯಾವುದು ಎಂದು ಯಾರೂ ಕೇಳಬೇಕಿರಲಿಲ್ಲ. ಕಡ್ಡಿ ಎದ್ದು, ಜೇಬಿನಿಂದ ಫೋನು ತೆಗೆದು, ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕದಲ್ಲಿಟ್ಟು ಬಂದು ಕೂತಳು.

“ಈಗ ಹೇಳಜ್ಜಿ.”

ಅಜ್ಜಿ ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು. “ಏನೋ ಹೇಳೋಕೆ ಹೊರಟಿದ್ದೆ. ಮರೆತೇಹೋಯ್ತು,” ಎಂದಳು. ಅಜ್ಜಿಗೆ ಮರೆವು ಎಂಬುದೇ ಇರಲಿಲ್ಲ. ಅಂದಿನಿಂದ ಕಡ್ಡಿ ಕಾಲೇಜಿನಿಂದ ಬಂದವಳೇ ಫೋನನ್ನು ಚಪ್ಪಲಿಯ ಜೊತೆಗೇ ಹೊರಗೆ ಬಿಟ್ಟು ಒಳಗೆ ಬರತೊಡಗಿದಳು. ಯಾರೂ ಹಾಗೆ ಮಾಡು ಎನ್ನಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಎರಡು ಕೋಟಿನ ಕೆಲಸ ಮುಗಿಯುವಂತೆ ಕಾಣಲಿಲ್ಲ. ಅಪ್ಪನ ಬಲಭುಜ ಎತ್ತಲು ಬಾರದಷ್ಟು ನೋಯುತ್ತಿತ್ತು. ಅಮ್ಮ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದಾಗ ಕಡ್ಡಿ ಬಾಗಿಲಲ್ಲಿ ನಿಂತು ನೋಡಿದಳು. ಮಾರನೆಯ ಬೆಳಗ್ಗೆ ಅಪ್ಪ ಹೊರಡುವಾಗ ಅವಳೂ ಹಳೇ ಅಂಗಿ ತೊಟ್ಟು, ಇನ್ನೊಂದು ಬ್ರಷ್ಷು ಹಿಡಿದು ನಿಂತಿದ್ದಳು. ಅಪ್ಪ ಬೇಡ ಎನ್ನಲು ಬಾಯಿ ತೆರೆದ, ಭುಜ ಒಪ್ಪಲಿಲ್ಲ. ಇಬ್ಬರೂ ಹೋದರು. ಮೊದಲಿನ ಹಾಗೆಯೇ ಜೊತೆಯಾಗಿ ಹೊರಟು ಜೊತೆಯಾಗಿ ಬರತೊಡಗಿದರು, ಆದರೆ ಯಾವ ತೇಪೆ ಯಾವುದರ ಹಾಗಿದೆ ಎಂಬ ಸುದ್ದಿ ಮನೆಗೆ ಬರಲಿಲ್ಲ.

ಸೇತುವೆಯ ಗೋಡೆಯನ್ನು ಅವರು ಕೊನೆಗೆ ಉಳಿಸಿಕೊಂಡಿದ್ದರು. ಪತ್ರಿಕೆಯಲ್ಲಿ ಬಂದ ಮೇಲೆ ಆ ಗೋಡೆಗೆ ಹೆಸರು ಬಂದುಬಿಟ್ಟಿತ್ತು. ಹಳೆಯ ತೇಪೆಯ ಮೇಲೆಯೇ ಯಾರೋ ಹೊಸದಾಗಿ, ಉದ್ದಕ್ಕೂ ಒಂದೇ ಸಾಲು, ಆಳೆತ್ತರದ ಕೆಂಪು ಅಕ್ಷರಗಳಲ್ಲಿ ಬರೆದಿದ್ದರು. ಲಾಂಡ್ರಿಗೆ ನಡೆದು ಹೋಗುತ್ತಿದ್ದ ಅಮ್ಮ ಅಂದು ಬೇಕೆಂದೇ ಆ ದಾರಿ ಹಿಡಿದಳು. ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದಳು. ಅಪ್ಪ ಕೂತು ಕೆಳಗಿನ ಅಂಚು ಬಳಿಯುತ್ತಿದ್ದ, ಎಡಗೈಯಲ್ಲಿ. ಕಡ್ಡಿ ಸ್ಟೂಲಿನ ಮೇಲೆ ನಿಂತಿದ್ದಳು. ಬಣ್ಣ ಗಟ್ಟಿಯಾಗಿತ್ತು, ಅಂಗಡಿಯಿಂದ ತಂದದ್ದು, ಒಂದು ಹನಿ ನೀರೂ ಬೆರೆಸದ್ದು.

ಇಷ್ಟು ವರ್ಷದಲ್ಲಿ ತಾನೂ ಒಂದು ಗೋಡೆಯನ್ನೂ ಓದಿಲ್ಲವೆಂದು ಅಮ್ಮನಿಗೆ ಆಗ ಹೊಳೆಯಿತು. ಓದೋಣ ಎಂದು ಎಡದಿಂದ ಶುರು ಮಾಡಿದಳು. ‘ನಮ್ಮ ಬಾಯಿಗೆ’ ಎಂದಿತ್ತು. ಅಲ್ಲಿಂದ ಮುಂದೆ ಬೂದು. ಒಂದು ಬಸ್ಸು ಅಡ್ಡ ಬಂದು ಹೋಯಿತು, ಅಷ್ಟರಲ್ಲಿ ‘ಬಾಯಿಗೆ’ಯೂ ಇರಲಿಲ್ಲ. ಹೊತ್ತಾಗಿತ್ತು, ಅಮ್ಮ ಬೇಗ ಬೇಗ ಹೆಜ್ಜೆ ಹಾಕಿದಳು. ದಿನವಿಡೀ ಬಿಳಿ ಬೆಡ್‌ಶೀಟು ಮಡಚುತ್ತ ಅದರ ಮುಂದೆ ಏನಿದ್ದಿರಬಹುದು ಎಂದು ತಲೆ ಕೆಡಿಸಿಕೊಂಡಳು.

ಸಂಜೆ ಊಟಕ್ಕೆ ಬಡಿಸುವಾಗ ಮಗಳ ಮುಂಗೈಯಲ್ಲಿ ಬೂದು ಕಲೆಗಳಿದ್ದವು. ಅಜ್ಜಿ ಮಾತಿಲ್ಲದೆ ಅನ್ನ ಕಲಸುತ್ತಿದ್ದಳು. ಅಪ್ಪನ ಕಣ್ಣು ತಟ್ಟೆಯ ಮೇಲಿತ್ತು.

“ಸೇತುವೆ ಗೋಡೇಲಿ ಏನು ಬರೆದಿತ್ತೇ?” ಎಂದು ಅಮ್ಮ ಕೇಳಿದಳು.

ಕಡ್ಡಿ ನೀರು ಕುಡಿದು ಲೋಟ ಕೆಳಗಿಟ್ಟಳು.

“ನೋಡಲಿಲ್ಲಮ್ಮ,” ಎಂದಳು. “ಕೊನೆಯಿಂದ ಶುರು ಮಾಡಿದೆ.”